ಮೊದಲನೇ ಸಾಲಿನಿಂದ ಬರುತ್ತಿದ್ದವಳು

"ಗೊತ್ತಿದ್ದರೆ ಹೇಳುತ್ತಿದ್ದಳು."

ನನ್ನ ರೂಮ್‌ಮೇಟ್ ಬಗ್ಗೆ ನಮ್ಮ ಅನಾಟಮಿ ಸಾಹೇಬರು ಹೇಳಿದ್ದು ಇಷ್ಟೇ. ತೊಂಬತ್ತರ ದಶಕದ ನಡುವಿನ ಮಾತು. ವಡೋದರಾದ ಮೆಡಿಕಲ್ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬ್ಯಾಚ್, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಮೊದಲ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ಪಾಸು, ಅವಳು ಅನಾಟಮಿಯಲ್ಲಿ ಫೇಲು. ಅದೂ ಬರೆಯುವ ಪರೀಕ್ಷೆಯಲ್ಲಲ್ಲ. ಬರೆಯುವುದರಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಿದ್ದಳು. ಫೇಲಾದದ್ದು ವೈವಾದಲ್ಲಿ, ಎಲುಬು ಕೈಗೆ ಕೊಟ್ಟು ಎದುರಿಗೆ ಕೂರಿಸಿ ಕೇಳುವ ಮೌಖಿಕ ಪರೀಕ್ಷೆಯಲ್ಲಿ.

ನಾನು ಸೀದಾ ಸಾಹೇಬರ ಕೋಣೆಗೆ ನುಗ್ಗಿದೆ. ಕರೆಯದೆ ಹೋಗಿ ನ್ಯಾಯ ಕೇಳುವುದು ಆಗಿನ ನನ್ನ ಹವ್ಯಾಸ.

"ಸರ್, ಪೇಪರಿನಲ್ಲಿ ಅಷ್ಟು ಬರೆದವಳು ಬಾಯಲ್ಲಿ ಹೇಗೆ ಫೇಲಾಗುತ್ತಾಳೆ?"

"ಬಾಯಿ ತೆರೆಯದೆ," ಅಂದರು. ಕನ್ನಡಕ ತೆಗೆದು ಒರೆಸಿದರು. ಸಿಟ್ಟಿರಲಿಲ್ಲ, ಬೇಸರವಿತ್ತು. "ತೋಳಿನ ಎಲುಬು ಮುರಿದರೆ ಯಾವ ನರಕ್ಕೆ ಪೆಟ್ಟು ಅಂತ ಕೇಳಿದೆ. ಎಷ್ಟೋ ಹೊತ್ತು ಸುಮ್ಮನೆ ಕೂತಳು. ಕೊನೆಗೆ ಸರಿಯಾದ್ದನ್ನೇ ಹೇಳಿದಳು. 'ಆರ್ ಯು ಶೂರ್?' ಅಂದೆ. 'ಸಾರಿ ಸರ್' ಅಂತ ಬೇರೆ ನರದ ಹೆಸರು ಹೇಳಿಬಿಟ್ಟಳು. ನಾನೇನು ಮಾಡಲಿ, ವಕೀಲರೇ? ಗೊತ್ತಿದ್ದರೆ ಹೇಳುತ್ತಿದ್ದಳು."

ವಕೀಲರೇ ಅನ್ನುವುದು ಅವರು ನನಗಿಟ್ಟ ಹೆಸರು. ಕಾರಣವಿತ್ತು. ನಾನು ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಬೆಳೆದವಳು. ಅಪ್ಪ ಧಾರವಾಡದ ಕಡೆಯವರು, ತೈಲ ಕಂಪನಿಯ ನೌಕರಿಗೆಂದು ಬಂದು ಅಲ್ಲಿಯ ಸ್ಟಾಫ್ ಕಾಲೊನಿಯಲ್ಲೇ ಉಳಿದವರು. ನನ್ನದು ಇಂಗ್ಲಿಷ್ ಮೀಡಿಯಂ ಶಾಲೆ, ಚಿಕ್ಕಂದಿನಿಂದ ಚರ್ಚಾಸ್ಪರ್ಧೆ. ಯಾವ ವಿಷಯ ಕೊಟ್ಟರೂ ನಾನು ವಿರೋಧ ಪಕ್ಷ. ಪರವಾಗಿ ಮಾತಾಡುವವರು ಏನನ್ನಾದರೂ ಕಟ್ಟಿ ನಿಲ್ಲಿಸಬೇಕು. ವಿರೋಧಕ್ಕೆ ಆ ಕಷ್ಟವಿಲ್ಲ, ಬುಡದ ಒಂದು ಇಟ್ಟಿಗೆ ಎಳೆದರೆ ಸಾಕು. ಹಾಗೆ ಎಳೆದು ಎಳೆದು ಮನೆಯ ಶೋಕೇಸು ತುಂಬಾ ಕಪ್ಪುಗಳನ್ನು ಇಟ್ಟಿದ್ದೆ.

ಅವಳು ಸೂರತ್ತಿನ ಹಳೇ ಪೇಟೆಯ ಹುಡುಗಿ. ಅಪ್ಪ ಗುಜರಾತಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಹನ್ನೆರಡನೇ ಕ್ಲಾಸಿನವರೆಗೆ ವಿಜ್ಞಾನವನ್ನೂ ಗುಜರಾತಿಯಲ್ಲೇ ಓದಿ, ಕಾಲೇಜಿಗೆ ಬಂದ ದಿನ ಅಂಗೈ ದಪ್ಪದ ಇಂಗ್ಲಿಷ್ ಪುಸ್ತಕವನ್ನು ಮೊದಲ ಸಲ ಕೈಗೆತ್ತಿಕೊಂಡವಳು. ನಮ್ಮಿಬ್ಬರ ನಡುವೆ ನಡೆಯುತ್ತಿದ್ದದ್ದು ಗುಜರಾತಿ, ಹಿಂದಿ ಬೆರೆಸಿದ ಮಾತು. ಇಲ್ಲಿ ಅದನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವಳಿಗೆ ಆರು ತಿಂಗಳ ನಂತರ ಇನ್ನೊಂದು ಅವಕಾಶವಿತ್ತು. ಒಂದೇ ಒಂದು, ಯಾಕೆಂದರೆ ಮನೆಯಲ್ಲಿ ಮಾತು ಎದ್ದಿತ್ತು. ಸೂರತ್ತಿನ ಬಟ್ಟೆ ಮಾರ್ಕೆಟ್ಟಿನಲ್ಲಿ ದಲ್ಲಾಳಿಯಾಗಿದ್ದ ಅವಳ ಚಿಕ್ಕಪ್ಪ, "ಬಿ.ಎಸ್ಸಿ.ಗೆ ಹಾಕು, ಮನೆ ಹತ್ತಿರ ಇರುತ್ತಾಳೆ, ಈ ಗೋಳೇ ಬೇಡ" ಅಂತ ಹಿಡಿದು ಕೂತಿದ್ದ. ಮೇಷ್ಟ್ರು ಫೋನಿನಲ್ಲಿ ಹೇಳಿದ್ದರು: "ಇನ್ನೊಂದು ಸಲ ಕೂರು. ಆಗಲಿಲ್ಲ ಅಂದರೆ ಹಾಸಿಗೆ ಸುತ್ತಿಕೊಂಡು ಬಂದುಬಿಡು, ದೀಕ್ರಿ." ದೀಕ್ರಿ ಅಂದರೆ ಮಗಳು. ಆ ಒಂದು ಶಬ್ದದ ಮೆದುತನದಿಂದಲೇ ಅವಳಿಗೆ ಹೆದರಿಕೆ ಜಾಸ್ತಿಯಾಗಿತ್ತು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಕಾಲೇಜು ಕೈಕಟ್ಟಿ ಕೂರಲಿಲ್ಲ. ಹೀಗೆ ವೈವಾದಲ್ಲಿ ಬಿದ್ದವರಿಗೆಲ್ಲ ಇಂಗ್ಲಿಷ್ ಸಾಲದು ಎಂದು ತೀರ್ಮಾನಿಸಿ, ಶನಿವಾರ ಮಧ್ಯಾಹ್ನ ಇಂಗ್ಲಿಷ್ ಕ್ಲಾಸು ಕಡ್ಡಾಯ ಮಾಡಿತು. ಪಾಠಕ್ಕೆ ಆರ್ಟ್ಸ್ ಕಾಲೇಜಿನಿಂದ ಒಬ್ಬ ಹಿರಿಯ ಮೇಷ್ಟ್ರು ಬಂದರು. ಕಾವ್ಯ ಓದಿಸಿಕೊಂಡು ಬಂದವರು, ಮೆಲುದನಿ, ಸೀಮೆಸುಣ್ಣದ ಪುಡಿ ಮೆತ್ತಿದ ಕೋಟು. ನನಗೆ ಕ್ಲಾಸು ಬೇಕಿರಲಿಲ್ಲ; ಅವಳ ಜೊತೆಗೆಂದು ಹಿಂದಿನ ಬೆಂಚಿನಲ್ಲಿ ಕೂತೆ. ಮೊದಲ ದಿನದ ಪಾಠ: ಪಾರ್ಸೆಲ್ ತಲುಪಲಿಲ್ಲವೆಂದು ಪೋಸ್ಟ್‌ಮಾಸ್ಟರಿಗೆ ದೂರು ಪತ್ರ.

ನಾನು ತಡೆದುಕೊಳ್ಳಬೇಕಿತ್ತು. ತಡೆದುಕೊಳ್ಳಲಿಲ್ಲ.

"ಸರ್, ಈ ಕ್ಲಾಸಿನಲ್ಲಿ ಕೂತವರು ಯಾರೂ ಪೋಸ್ಟ್‌ಮಾಸ್ಟರಿಗೆ ಬರೆಯಲು ಬಾರದೆ ಫೇಲಾದವರಲ್ಲ."

ಬೆಂಚುಗಳು ನಕ್ಕವು. ಮೇಷ್ಟ್ರೂ ನಕ್ಕರು, ನನಗದು ಇಷ್ಟವಾಗಲಿಲ್ಲ.

"ಮತ್ತೆ ಏನು ಬಾರದೆ ಫೇಲಾದರು?"

"ಅದನ್ನು ಕಲಿಸಲು ಬಂದವರಿಗೆ ಗೊತ್ತಿರಬೇಕಲ್ಲ ಸರ್."

"ನನಗೆ ಗೊತ್ತಿಲ್ಲ," ಅಂದರು ಅವರು, ಸ್ವಲ್ಪವೂ ಅಳುಕದೆ. "ನಿಮ್ಮ ಒಂದು ಎಲುಬಿನ ಹೆಸರೂ ನನಗೆ ಬರುವುದಿಲ್ಲ. ಪೋಸ್ಟ್‌ಮಾಸ್ಟರ್ ಬೇಡ, ಒಪ್ಪಿದೆ. ಯಾವ ಇಂಗ್ಲಿಷ್ ಬೇಕು? ಗೊತ್ತಿದ್ದರೆ ಹೇಳು."

ಇಡೀ ಕ್ಲಾಸು ಹಿಂದಕ್ಕೆ ತಿರುಗಿತು. ಚರ್ಚಾಸ್ಪರ್ಧೆಯಲ್ಲಿ ನನಗೆ ಯಾರೂ ಹೀಗೆ ಮಾಡಿರಲಿಲ್ಲ. ನನ್ನ ಖಂಡನೆಯನ್ನು ಪೂರ್ತಿ ಒಪ್ಪಿಕೊಂಡು, ಮೈಕನ್ನು ನನ್ನ ಕೈಗೇ ಕೊಟ್ಟು, ಕಟ್ಟು ನೋಡೋಣ ಅಂತ ಕೂತುಬಿಟ್ಟಿದ್ದರು.

"ಮುಂದಿನ ಶನಿವಾರ ಹೇಳುತ್ತೇನೆ ಸರ್," ಅಂದೆ. ಹೊರಗೆ ಬಂದ ಮೇಲೆ ಅವಳು ನನ್ನ ತೋಳು ಚಿವುಟಿದಳು. "ಅಲೀ, ಏನು ಹೇಳ್ತೀಯಾ?" ಅಲೀ ಅಂದರೆ ಎಲೇ.

"ನನಗೇನು ಗೊತ್ತು?"

"ಅಯ್ಯೋ! ನೀನೂ ಫೇಲು!"

ಮರುದಿನ ಭಾನುವಾರ ಬೆಳಿಗ್ಗೆಯೇ ರೈಲು ಹಿಡಿದು ಚಾಂದ್‌ಖೇಡಾಕ್ಕೆ ಹೋದೆ. ಧಾರವಾಡದಿಂದ ಅಜ್ಜಿ ಬಂದಿದ್ದರು. ಮೊಮ್ಮಗಳು ಡಾಕ್ಟರಿಕಿ ಓದುತ್ತಿರುವುದನ್ನು ಪರೀಕ್ಷೆ ಮಾಡಲು ಕಾದು ಕೂತವರ ಹಾಗೆ, ನಾನು ಚೀಲ ಇಳಿಸುವುದರೊಳಗೆ ಕರೆದರು.

"ಡಾಕ್ಟರವ್ವಾ, ಇಲ್ಲಿ ಬಾ. ಈ ಮೊಣಕೈ ಬಾಗಲಕ್ಕ ಬಡದ್ರ ಕೈಯಾಗ ಕರೆಂಟ್ ಹೊಡದಂಗ ಆಗ್ತದಲ್ಲ, ಅದ್ಯಾಕ?"

ಇಷ್ಟು ಸುಲಭದ ಪ್ರಶ್ನೆ ನನಗೆ ಯಾವ ಪರೀಕ್ಷಕನೂ ಕೇಳಿರಲಿಲ್ಲ. "ಅದು ಅಲ್ನರ್ ನರ್ವ್ ಅಜ್ಜಿ. ಹ್ಯೂಮರಸ್‌ದು ಮೀಡಿಯಲ್..."

"ಕನ್ನಡದಾಗ ಹೇಳವಾ."

"ಅದು ಒಂದು... ನರ. ಅದು ಎಲುಬಿನ..." ಅಲ್ಲಿಗೆ ನಿಂತೆ. ನನ್ನ ಕನ್ನಡ ಊಟಕ್ಕೆ, ಸ್ನಾನಕ್ಕೆ, ಅಮ್ಮನ ಜೊತೆ ಜಗಳಕ್ಕೆ ಸಾಕಾಗುವಷ್ಟಿತ್ತು. ಮೊಣಕೈಯ ಒಳಬದಿಯವರೆಗೆ ಅದು ಯಾವತ್ತೂ ನಡೆದುಕೊಂಡು ಹೋಗಿರಲಿಲ್ಲ. ಒಳಬದಿಯ ಉಬ್ಬು, ಅದರ ಹಿಂದೆ ಬರೀ ಚರ್ಮದ ಕೆಳಗೆ ಹಾಯುವ ನರ, ಎಲ್ಲ ಕಣ್ಣ ಮುಂದಿದೆ. ವಾಕ್ಯ ಇಲ್ಲ. ಮೊದಲ ಶಬ್ದ ಯಾವುದು ಅಂತ ಹುಡುಕುತ್ತಾ ಬಾಯಿ ತೆರೆದು ನಿಂತಿದ್ದೆ.

"ಇರಲಿ ಬಿಡು. ನಿನಗ ಗೊತ್ತಿಲ್ಲ," ಅಂದರು ಅಜ್ಜಿ, ಕರುಣೆಯಿಂದ.

"ಗೊತ್ತದ ಅಜ್ಜಿ!"

"ಗೊತ್ತಿದ್ರ ಹೇಳ್ತಿದ್ದಿ."

ಒಳಗಿನಿಂದ ಅಮ್ಮನ ದನಿ ಬಂತು: "ಶೋಕೇಸ್ ತುಂಬ ಕಪ್ಪು ತಂದಿಟ್ಟಾಳ, ಮೊಣಕೈ ಹೇಳ್ಲಿಕ್ಕೆ ಬರವಲ್ದು ನೋಡ್ರಿ!" ಪೇಪರಿನ ಹಿಂದೆ ಅಪ್ಪನ ಭುಜ ಅಲುಗುತ್ತಿತ್ತು. ನಗುತ್ತಿದ್ದರು.

ನಾನು ನಗಲಿಲ್ಲ. ಅನಾಟಮಿ ಸಾಹೇಬರ ವಾಕ್ಯವನ್ನು ಅಜ್ಜಿ ಅಕ್ಷರಶಃ ಹೇಳಿದ್ದರು, ಈ ಸಲ ಅದು ಸುಳ್ಳು ಅಂತ ನನಗೆ ಮೈಯಿಂದಲೇ ಗೊತ್ತಿತ್ತು. ಸುಮ್ಮನಿರುವುದೆಲ್ಲ ಒಂದೇ ಥರ ಅಲ್ಲ. ಏನೂ ಇಲ್ಲದೆ ಸುಮ್ಮನಿರುವುದು ಒಂದು. ಇರುವುದನ್ನು ಎತ್ತಿ ತರಲು ದಾರಿ ಹುಡುಕುತ್ತಾ ಸುಮ್ಮನಿರುವುದು ಇನ್ನೊಂದು. ಹೊರಗೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ. (ಆ ಮೊಣಕೈಯ ಅವಮಾನಕ್ಕೇ ಮುಂದೆ ನಾನು ಹಟ ಹಿಡಿದು ಕನ್ನಡ ಓದಲು, ಬರೆಯಲು ಕಲಿತದ್ದು.)

ಆದರೆ ನನಗಾದದ್ದೇ ಅವಳಿಗೂ ಆಗಿದೆ ಅಂತ ಹೇಗೆ ಹೇಳುವುದು? ಹೋಲಿಕೆ ಸಾಕ್ಷಿಯಲ್ಲ, ಯಾವ ತೀರ್ಪುಗಾರನೂ ಅದಕ್ಕೆ ಅಂಕ ಕೊಡುವುದಿಲ್ಲ. ಹಾಸ್ಟೆಲಿಗೆ ಮರಳಿದವಳೇ ಅವಳನ್ನು ಮಂಚದ ಮೇಲೆ ಕೂರಿಸಿದೆ. ತೋಳಿನ ಎಲುಬು ಮುರಿದರೆ ಯಾವ ನರಕ್ಕೆ ಪೆಟ್ಟು ಅಂತ ಗುಜರಾತಿಯಲ್ಲಿ ಕೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಉತ್ತರ ಬಂತು, ಜೊತೆಗೆ ಮಣಿಕಟ್ಟು ಹೇಗೆ ಜೋತುಬೀಳುತ್ತದೆ ಅಂತ ಕೈ ಜೋಲಿಸಿ ತೋರಿಸಿದಳು.

ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ.

ಅವಳ ಕಣ್ಣು ಗೋಡೆಗೆ ನೆಟ್ಟಿತು. ತುಟಿಗಳು ಸಣ್ಣಗೆ ಅಲುಗತೊಡಗಿದವು. ಅಲುಗುತ್ತಲೇ ಇದ್ದವು. ನಾನು ಬಕೆಟ್ಟಿನಲ್ಲಿ ನೆನೆಹಾಕಿದ್ದ ಬಟ್ಟೆ ಹಿಂಡಿ ಒಣಗಹಾಕಿ ಬಂದ ಮೇಲೆ ಉತ್ತರ ಹೇಳಿದಳು. ಸರಿಯಾದ ಉತ್ತರ.

"ಇಷ್ಟು ಹೊತ್ತು ಏನು ಮಾಡ್ತಿದ್ದೆ?"

"ಬರ್ತಿದ್ದೆ."

"ಎಲ್ಲಿಂದ?"

"ಮೊದಲನೇ ಸಾಲಿನಿಂದ," ಅಂದಳು, ಇದೇನು ಕೇಳುವ ಮಾತು ಅನ್ನುವಂತೆ. "ಆ ಪಾಠ ಶುರುವಾಗೋದು 'ತೋಳಿನ ಎಲುಬು ಕೈಯ ಎಲುಬುಗಳಲ್ಲೇ ಅತಿ ಉದ್ದವಾದದ್ದು' ಅಂತ. ನರ ಬರೋದು ಎರಡನೇ ಪುಟದ ಕೊನೆಗೆ. ಅಲ್ಲಿತನಕ ಬರಬೇಡ್ವಾ?"

ನಾನು ಅವಳನ್ನೇ ನೋಡಿದೆ. "ಪ್ರತಿ ಸಲಾನೂ?"

"ಮತ್ತೆ ನಡುವಿನಿಂದ ಹೇಗೆ ಶುರು ಮಾಡೋದು?"

ಇಡೀ ಪುಸ್ತಕ ಅವಳೊಳಗಿತ್ತು. ಅಲ್ಪವಿರಾಮ, ಪೂರ್ಣವಿರಾಮಗಳ ಸಮೇತ ಇತ್ತು. ಬಾಗಿಲು ಮಾತ್ರ ಒಂದೇ, ಅದೂ ಮುಂಬಾಗಿಲು. ಬರೆಯುವ ಪರೀಕ್ಷೆಯಲ್ಲಿ ಮುಂಬಾಗಿಲಿನಿಂದ ನಡೆದು ಬರಲು ಬೇಕಾದಷ್ಟು ಹೊತ್ತು. ಅದಕ್ಕೇ ಅಲ್ಲಿ ನನ್ನನ್ನು ಹಿಂದೆ ಹಾಕಿದ್ದಳು. ವೈವಾದಲ್ಲಿ ಸಾಹೇಬರು ಹಿತ್ತಲಿನ ಕಿಟಕಿ ಬಡಿಯುತ್ತಿದ್ದರು. ಅವಳು ಮುಂಬಾಗಿಲಿನಿಂದ ಓಡೋಡಿ ಬರುವುದರೊಳಗೆ ಮನೆಯಲ್ಲಿ ಯಾರೂ ಇಲ್ಲ ಅಂತ ಬರೆದುಕೊಂಡು ಹೋಗಿರುತ್ತಿದ್ದರು.

ಮುಂದಿನ ಶನಿವಾರ ಎದ್ದು ನಿಂತೆ. "ಸರ್, ಇವರಿಗೆ ಇಂಗ್ಲಿಷ್ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ."

ಇಂಗ್ಲಿಷ್ ಮೇಷ್ಟ್ರು ನಂಬಲಿಲ್ಲ. ನಂಬದಿರುವವರನ್ನು ನಾನು ಮೆಚ್ಚುತ್ತೇನೆ. ಮುಂದಿನ ಬೆಂಚಿನ ಹುಡುಗನೊಬ್ಬನನ್ನು ಎಬ್ಬಿಸಿ, ಹೃದಯದ ಪಾಠವನ್ನು ಐದನೇ ವಾಕ್ಯದಿಂದ ಹೇಳು ಅಂದರು. ಹುಡುಗ ಕಣ್ಣು ಮುಚ್ಚಿ ಗುನುಗತೊಡಗಿದ. ನಾಲ್ಕು ವಾಕ್ಯ ಒಳಗೊಳಗೇ ಓಡಿಸಿ, ಐದನೆಯದಕ್ಕೆ ದನಿ ಜೋರು ಮಾಡಿದ. ಮೇಷ್ಟ್ರು ಇನ್ನೊಬ್ಬಳನ್ನು ಎಬ್ಬಿಸಿದರು. ಅವಳೂ ಹಾಗೆಯೇ. ಮೂರನೆಯವನನ್ನು ಎಬ್ಬಿಸಲಿಲ್ಲ. ಪತ್ರಲೇಖನದ ಪುಸ್ತಕ ಮುಚ್ಚಿ, "ಎಲುಬು ತಾ," ಅಂದರು ನನಗೆ.

ಹಿರಿಯ ವಿದ್ಯಾರ್ಥಿಗಳಿಂದ ಕೈಬದಲಾಗಿ ಬರುವ ಎಲುಬಿನ ಚೀಲ ಹಾಸ್ಟೆಲಿನ ಪ್ರತಿ ಮಂಚದ ಕೆಳಗೂ ಇರುತ್ತದೆ. ನಮ್ಮದನ್ನು ತಂದು ಮೇಜಿನ ಮೇಲೆ ಇಟ್ಟೆ. ಆಟದ ನಿಯಮ ನನ್ನದು: ಚೀಲದೊಳಗೆ ಕೈ ಹಾಕಿ ಒಂದು ಎಲುಬು ತೆಗೆಯಬೇಕು, ಬೆರಳು ಎಲ್ಲಿ ತಾಗುತ್ತದೋ ಅಲ್ಲಿಂದಲೇ ಮಾತು ಶುರು. ಪುಸ್ತಕದಲ್ಲಿ ಅದು ಎಷ್ಟನೇ ಸಾಲು ಅನ್ನುವುದು ಬೇಡ. ವಾಕ್ಯಗಳು ಮೇಷ್ಟ್ರವು: ಇದು ಇಂಥದ್ದು. ಇದು ಇದರ ಹಿಂದಿದೆ. ಇದು ತುಂಡಾದರೆ ರೋಗಿಗೆ ಹೀಗೆ ಮಾಡಲು ಆಗುವುದಿಲ್ಲ. ಅಷ್ಟೇ ಗಿಡ್ಡ. "ಉದ್ದದ ವಾಕ್ಯ ಬರೆಯುವುದಕ್ಕೆ ಪುಸ್ತಕದವರಿಗೆ ಸಂಬಳ ಕೊಡುತ್ತಾರೆ," ಅಂದರು. "ನಿಮಗೆ ಯಾರೂ ಕೊಡುವುದಿಲ್ಲ."

ಆಮೇಲೆ ಬೋರ್ಡಿನ ಮೇಲೆ ಒಂದು ವಾಕ್ಯ ಬರೆದರು: ಲೆಟ್ ಮಿ ಥಿಂಕ್, ಸರ್. ಸ್ವಲ್ಪ ಯೋಚಿಸುತ್ತೇನೆ ಸರ್.

ಕ್ಲಾಸು ಗಾಬರಿಯಾಯಿತು. "ಪರೀಕ್ಷಕರಿಗೆ ಹಾಗೆ ಹೇಳಬಹುದಾ ಸರ್?"

"ಯಾಕೆ ಹೇಳಬಾರದು?"

"ಎದುರುತ್ತರ ಕೊಟ್ಟ ಹಾಗಾಗಲ್ವಾ?"

"ಇಂಗ್ಲಿಷಿನಲ್ಲಿ ಇದು ಮರ್ಯಾದೆಯ ಮಾತು. ಬಾಯಿ ಮುಚ್ಚಿ ಗೋಡೆ ನೋಡುತ್ತಾ ಕೂತರೆ ಅದೇ ಉದ್ಧಟತನ."

ನನ್ನ ರೂಮ್‌ಮೇಟ್ ಆ ವಾಕ್ಯವನ್ನು ಬರೆದುಕೊಳ್ಳದೆ ಸುಮ್ಮನೆ ನೋಡುತ್ತಾ ಕೂತಳು. ವರ್ಷಗಟ್ಟಲೆ ಅವಳು ಕೇಳಬಹುದಾಗಿದ್ದ ಬಿಡುವು ಅದು. ಅಂಥದ್ದೊಂದನ್ನು ಕೇಳಬಹುದು ಅಂತ ಯಾರೂ ಹೇಳಿರಲಿಲ್ಲ.

ಕೆಲವು ವಾರಗಳಲ್ಲಿ ಅವಳಿಗೆ ಹಿತ್ತಲಿನ ಬಾಗಿಲು, ಪಕ್ಕದ ಕಿಟಕಿ ಎಲ್ಲ ತೆರೆದವು. ಒಂದು ಮಾತ್ರ ಹಾಗೇ ಉಳಿಯಿತು. "ಆರ್ ಯು ಶೂರ್?" ಅಂದ ತಕ್ಷಣ ಅವಳು ಕುಸಿಯುತ್ತಿದ್ದಳು. ಮೆಸ್ಸಿನಲ್ಲಿ, ಬಸ್ ಸ್ಟಾಪಿನಲ್ಲಿ, ಹಲ್ಲುಜ್ಜುವಾಗ ಕೇಳಿದೆ. ಪ್ರತಿ ಸಲವೂ ಸರಿ ಉತ್ತರವನ್ನು ಕೈಬಿಟ್ಟು "ಸಾರಿ" ಅನ್ನುತ್ತಿದ್ದಳು.

"ಯಾಕೆ ಸಾರಿ? ಸರಿಯಾಗೇ ಹೇಳಿದ್ದೆ!"

"ಗುರುಗಳು ಎರಡನೇ ಸಲ ಕೇಳಿದರೆ ತಪ್ಪು ಅಂತ ಅರ್ಥ. ಅಷ್ಟೂ ತಿಳಿಯಲ್ವಾ ನಿನಗೆ?"

ನನಗೆ ತಿಳಿಯುತ್ತಿರಲಿಲ್ಲ. ಎರಡನೇ ಸಲ ಕೇಳಿದರೆ ನನಗೆ ಹುರುಪು ಬರುತ್ತದೆ. ವಾದ ಹೂಡಿದೆ, ಬೈದೆ, ಅಳಿಸಿದೆ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ರೈಲಿನಲ್ಲಿ.

ಚಳಿಗಾಲದ ಒಂದು ಶುಕ್ರವಾರ ಸಂಜೆ, ಮರುದಿನ ಇಂಗ್ಲಿಷ್ ಕ್ಲಾಸಿಗೆ ರಜೆಯಿದ್ದುದರಿಂದ, ಅವಳ ಮನೆಗೆಂದು ಸೂರತ್ತಿನ ಗಾಡಿ ಹತ್ತಿದೆವು. ಆ ಹೊತ್ತಿನ ಲೇಡೀಸ್ ಡಬ್ಬಿ ಅಂದರೆ ದಿನವೂ ಊರಿಂದೂರಿಗೆ ನೌಕರಿಗೆ ಓಡಾಡುವ ಪಾಸಿನವರ ಸಾಮ್ರಾಜ್ಯ. ಬ್ಯಾಂಕಿನವರು, ಟೆಲಿಫೋನಿನವರು, ಶಾಲೆ ಟೀಚರುಗಳು. ಒಬ್ಬೊಬ್ಬರಿಗೆ ಒಂದೊಂದು ಖಾಯಂ ಸೀಟು. ಮಡಿಲಲ್ಲಿ ಪೇಪರು ಹರಡಿ ಮರುದಿನದ ಅಡುಗೆಗೆ ಪಾಪ್ಡಿ ಸುಲಿಯುತ್ತಿದ್ದರು; ಪಾಪ್ಡಿ ಅಂದರೆ ನಮ್ಮ ಅವರೆಕಾಯಿಯ ಜಾತಿಯದು. ಸೀಟು ಕೊಟ್ಟ ಬ್ಯಾಂಕಿನ ಒಬ್ಬ ಬೆನ್ (ಬೆನ್ ಅಂದರೆ ಅಕ್ಕ) ನಮ್ಮ ಮಡಿಲಿಗೂ ಒಂದೊಂದು ಹಿಡಿ ಸುರಿದರು. ಅದು ಟಿಕೆಟ್ಟಿನ ಮೇಲಿನ ತೆರಿಗೆ.

ಸುಲಿಯುತ್ತಲೇ ನಾನು ಪ್ರಶ್ನೆ ಶುರು ಮಾಡಿದೆ. ಅವಳು ಉತ್ತರ ಹೇಳಿದಳು. "ಆರ್ ಯು ಶೂರ್?" ಅಂದೆ. ಅವಳು ತಲೆ ತಗ್ಗಿಸಿದಳು. ಬ್ಯಾಂಕಿನ ಬೆನ್‌ಗೆ ಕುತೂಹಲ.

"ಏನಂತ ಕೇಳಿದೆ ಈ ಹುಡುಗಿಯನ್ನ? ಮುಖ ಯಾಕೆ ಹಾಗಾಯ್ತು?"

"ಖಚಿತವಾ ಅಂತ ಕೇಳಿದೆ, ಅಷ್ಟೇ."

"ಅಂದರೆ, ಪಾಕ್ಕು?"

"ಹಾಂ, ಪಾಕ್ಕು?"

ಬೆನ್ ನಕ್ಕ ರಭಸಕ್ಕೆ ಮಡಿಲ ಕಾಳು ಚೆಲ್ಲಿತು. "ಅಯ್ಯೋ ಮಾರಾಯ್ತಿ, ಪಾಕ್ಕು ಅಂತ ನಾನು ದಿನಾ ಬೆಳಿಗ್ಗೆ ಹಾಲಿನವನನ್ನ ಕೇಳ್ತೀನಿ, ನೀರು ಹಾಕಿಲ್ಲ ತಾನೆ, ಪಾಕ್ಕು? ಅವನು ಯಾವತ್ತಾದರೂ ಅತ್ತಿದ್ದಾನಾ? ಪಾಕ್ಕು ಬೆನ್, ಯಾಕಂದ್ರೆ ಎಮ್ಮೆ ನನ್ನದೇ, ಅಂತಾನೆ."

ಎದುರು ಸೀಟಿನ ಟೀಚರು ಸೇರಿಕೊಂಡರು. "ದರ್ಜಿಯನ್ನ ಕೇಳಲ್ವಾ? ಗುರುವಾರ ರವಿಕೆ ಕೊಡ್ತೀನಿ ಅಂತಾನೆ. ಪಾಕ್ಕು? ಪಾಕ್ಕು!"

"ಅವನು ಸುಳ್ಳು ಹೇಳಿ ಪಾಕ್ಕು ಅಂತಾನೆ. ನೀನು ನಿಜ ಹೇಳಿ ಅಳ್ತೀಯಾ!" ಅಂದರು ಬೆನ್ ಅವಳಿಗೆ.

ನನ್ನ ರೂಮ್‌ಮೇಟ್ ನಿಧಾನಕ್ಕೆ ತಲೆ ಎತ್ತಿದಳು. "ಅಷ್ಟೇನಾ ಅದು?" ಅಂದಳು ನನ್ನ ಕಡೆ ತಿರುಗಿ. "ಪಾಕ್ಕು ಅಷ್ಟೇನಾ?"

"ಅಷ್ಟೇ. ಅವರಿಗೆ ಬೇಕಾಗಿರೋದು ನಿನ್ನ ಎಮ್ಮೆ. ಬಿಕಾಸ್ ಅಂತ ಹೇಳಿ ಎಮ್ಮೆ ತೋರಿಸಿಬಿಡು."

ಭರೂಚ್ ದಾಟಿ ನರ್ಮದೆಯ ಸೇತುವೆಯ ಮೇಲೆ ಗಾಡಿ ಧಡಧಡ ಅನ್ನುತ್ತಿರುವಾಗ ಇಡೀ ಡಬ್ಬಿ ಪರೀಕ್ಷಕರಾಗಿಬಿಟ್ಟಿತ್ತು. ಅವಳು ಒಂದೊಂದು ಉತ್ತರ ಹೇಳಿದಾಗಲೂ, ಅನಾಟಮಿಯ ಗಂಧಗಾಳಿಯಿಲ್ಲದ ಹೆಂಗಸರು ಪಾಪ್ಡಿ ಸಿಪ್ಪೆ ಕೈಯಲ್ಲಿ ಹಿಡಿದು ಒಟ್ಟಿಗೆ ಕೂಗುತ್ತಿದ್ದರು: "ಪಾಕ್ಕು?" ಮೊದಲು ಪಿಸುಮಾತಿನಲ್ಲಿ, ಆಮೇಲೆ ನಗುತ್ತಾ, ಕೊನೆಗೆ ರೈಲಿನ ಸದ್ದನ್ನೂ ಮೀರಿ ಅವಳು ತಿರುಗಿ ಕೂಗಿದಳು: "ಪಾಕ್ಕು! ಬಿಕಾಸ್...!"

ಸೂರತ್ತಿನ ಮನೆಯಲ್ಲಿ ನನಗೆ ಸೋಲು ಕಾದಿತ್ತು. ಊಟ ಬಡಿಸಿಕೊಂಡು ಅವಳ ಅಪ್ಪ ಮೇಷ್ಟ್ರ ಎದುರು ಕೂತು, ಬಾಯಿಪಾಠ ಎಷ್ಟು ಕೆಟ್ಟದ್ದು ಅಂತ ಭಾಷಣ ಶುರು ಮಾಡಿದ್ದೆ. ಅವರ ಶಾಲೆಯಲ್ಲಿ ಮಗ್ಗಿ ನಡುವೆ ಮರೆತ ಮಗು ಮತ್ತೆ ಒಂದರಿಂದ ಶುರು ಮಾಡಬೇಕು. ಮಗಳ ಮುಂಬಾಗಿಲಿನ ಅಭ್ಯಾಸಕ್ಕೆ ಮೂಲ ಅದೇ ಅಂತ ನನಗೆ ಗೊತ್ತಾಗಿತ್ತು. ಅವರು ಪೂರ್ತಿ ಕೇಳಿಸಿಕೊಂಡರು.

"ದೀಕ್ರಿ, ಮನೆಯಲ್ಲಿ ಒಂದು ಇಂಗ್ಲಿಷ್ ಮಾತಿಲ್ಲದ ಹುಡುಗಿ ನಿನ್ನ ಪಕ್ಕದ ಮಂಚದವರೆಗೆ ಬಂದದ್ದು ಹೇಗೆ?"

ನಾನು ರೊಟ್ಟಿ ಮುರಿದೆ.

"ಬಾಯಿಪಾಠದಿಂದ. ಅಲ್ವಾ?" ಮಗಳ ಕಡೆ ತಿರುಗಿದರು. "ಹದಿನೇಳು ಏಳಲೇ?"

"ನೂರ ಹತ್ತೊಂಬತ್ತು," ಅಂದಳು, ಪಲ್ಯ ಬಡಿಸಿಕೊಳ್ಳುತ್ತಾ.

"ಒಂದರಿಂದ ಬಂದಳಾ? ಇಲ್ಲ. ಮಗ್ಗಿಯನ್ನ ಚಿಕ್ಕಂದಿನಿಂದ ಸಾಮಾನು ತರುವಾಗ ಅಂಗಡಿಯಲ್ಲಿ ಬಳಸಿದ್ದಾಳೆ. ಬಳಸಿದ್ದು ನಡುವಿನಿಂದಲೂ ಬರುತ್ತೆ. ನಾನು ತುಂಬಿಕೊಟ್ಟೆ. ಬಳಸೋ ಜಾಗ ನಿಮ್ಮ ಕಾಲೇಜು ಕೊಡಬೇಕಿತ್ತು."

ಅಂಕ ಅವರಿಗೇ ಹೋಗಬೇಕು. ನನ್ನ ಚೀಲದ ಆಟ ಬಳಸುವ ಜಾಗ ಮಾತ್ರ; ತುಂಬಿದ್ದರಿಂದಲೇ ಅದು ನಡೆಯುತ್ತಿತ್ತು. ಆದರೆ ಹೊರಡುವಾಗ ಅವರು ತಮ್ಮ ಷರತ್ತನ್ನು ಸಡಿಲಿಸಲಿಲ್ಲ. "ಮಾತು ಮಾತೇ," ಅಂದರು ಮಗಳಿಗೆ. ಚಿಕ್ಕಪ್ಪ ಬಿ.ಎಸ್ಸಿ. ಕಾಲೇಜಿನ ವಿಚಾರ ಕೇಳಿಕೊಂಡು ಬಂದಿದ್ದ.

ವೈವಾದ ದಿನ ನಾನು ವಾರ್ಡಿಗೆ ಚಕ್ಕರ್ ಹೊಡೆದು ಡಿಸೆಕ್ಷನ್ ಹಾಲಿನ ವರಾಂಡದಲ್ಲಿ ನಿಂತೆ. ಕಿಟಕಿಗಳ ಕೆಳಗಿನ ಗಾಜಿಗೆ ಬಿಳಿ ಬಣ್ಣ ಬಳಿದಿದ್ದರು, ಮೇಲಿನದು ತೆರೆದಿತ್ತು. ಕಾಣುವುದಿಲ್ಲ, ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಬಂದು ನಿಂತರು. ನೋಡಿದರೆ ಇಂಗ್ಲಿಷ್ ಮೇಷ್ಟ್ರು, ಫಾರ್ಮಲಿನ್ ವಾಸನೆಗೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು.

ಒಳಗೆ ಇಬ್ಬರಿದ್ದರು: ನಮ್ಮ ಅನಾಟಮಿ ಸಾಹೇಬರು ಮತ್ತು ಅಹಮದಾಬಾದಿನಿಂದ ಬಂದ ಹೊರಗಿನ ಪರೀಕ್ಷಕರು. ಅವಳ ನಂಬರು ಕೂಗಿದರು. ಕುರ್ಚಿ ಎಳೆದ ಸದ್ದು. ಕಲ್ಲಿನ ಮೇಜಿನ ಮೇಲೆ ಎಲುಬು ಇಟ್ಟ ಸಣ್ಣ ಟಕ್.

"ಯಾವ ಎಲುಬು?" ಹೊರಗಿನವರ ದನಿ.

"ಫಿಬ್ಯುಲಾ ಸರ್."

ಮೊಣಕಾಲಿನ ಕೆಳಗೆ ಹೊರಬದಿಗಿರುವ, ಕೋಲಿನಂಥ ತೆಳು ಎಲುಬು ಅದು. ಎಡಗಾಲಿನದೋ ಬಲಗಾಲಿನದೋ ಅಂತ ಹೇಳಲು ಒಳ್ಳೊಳ್ಳೆಯವರು ತಡವರಿಸುತ್ತಾರೆ.

"ಯಾವ ಕಡೆಯದು?"

"ಎಡದ್ದು ಸರ್."

"ಆರ್ ಯು ಶೂರ್?"

ಮೇಷ್ಟ್ರು ಕಣ್ಣು ಮುಚ್ಚಿದರು. ನಾನು ಕಿಟಕಿಯ ಕಟ್ಟೆ ಹಿಡಿದಿದ್ದೆ. ಸಾರಿ ಅನ್ನಬೇಡ, ಸಾರಿ ಅನ್ನಬೇಡ ಅಂತ ಕನ್ನಡದಲ್ಲಿ ಬಡಬಡಿಸುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು.

"ಯೆಸ್ ಸರ್," ಅಂದಳು. ದನಿಯಲ್ಲಿ ಸ್ವಲ್ಪ ನಗುವಿತ್ತು. ಆಣೆ ಮಾಡಿ ಹೇಳುತ್ತೇನೆ, ಇತ್ತು. "ಬಿಕಾಸ್ ಈ ನುಣುಪು ಮುಖ ಒಳಗೆ ನೋಡುತ್ತಿದೆ. ಈ ಗುಳಿ ಅದರ ಹಿಂದಿದೆ. ಹೀಗೆ ಹಿಡಿದರೆ ಎಡಗಾಲಿಗೆ ಮಾತ್ರ ಕೂರುತ್ತದೆ ಸರ್."

"ಹೂಂ. ಇಲ್ಲಿ?" ಎಲುಬಿನ ಮೇಲೆ ಏನೋ ತಟ್ಟಿದ ಸದ್ದು. ನಡುವಿನಿಂದ. ಹಿತ್ತಲ ಕಿಟಕಿಯಿಂದ.

"ಲೆಟ್ ಮಿ ಥಿಂಕ್, ಸರ್."

ಮೇಷ್ಟ್ರ ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು. ಹೊರಗಿನ ಪರೀಕ್ಷಕರು ಏನನ್ನೋ ಗೊಣಗಿದರು. ಆಮೇಲೆ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಿನಲ್ಲಿ, ಅವಳ ದನಿ: "ಇದು ಈ ಎಲುಬಿನ ಕುತ್ತಿಗೆ. ಕಾಲಿನ ಒಂದು ದೊಡ್ಡ ನರ ಇದನ್ನು ಸುತ್ತಿ ಹೋಗುತ್ತದೆ. ಮೇಲೆ ಬರೀ ಚರ್ಮ. ಇಲ್ಲಿ ಪೆಟ್ಟಾದರೆ ಪಾದ ಜೋತುಬೀಳುತ್ತದೆ." ನರದ ಹೆಸರನ್ನೂ ಹೇಳಿದಳು, ಸಲೀಸಾಗಿ.

"ಅಂಥ ರೋಗಿ ನಿನ್ನ ಹತ್ತಿರ ಬಂದರೆ ಏನು ಹೇಳುತ್ತಾನೆ?"

ಇದು ಯಾವ ಪುಸ್ತಕದ ಯಾವ ಸಾಲಿನಲ್ಲೂ ಇರಲಿಲ್ಲ. ಅವಳು ತಡೆಯಲೇ ಇಲ್ಲ. "ಬೆನ್, ಚಪ್ಪಲಿ ಕಾಲಿಂದ ಜಾರಿಹೋಗುತ್ತೆ, ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತೆ," ಅಂತ ಅಪ್ಪಟ ಸೂರತ್ತಿ ಗುಜರಾತಿಯಲ್ಲಿ ರೋಗಿಯ ಹಾಗೇ ಹೇಳಿ, ಮರುಕ್ಷಣ ಅದನ್ನೇ ಗಿಡ್ಡ ಗಿಡ್ಡ ಇಂಗ್ಲಿಷಿನಲ್ಲಿ ಹೇಳಿದಳು. ಒಳಗೆ ಇಬ್ಬರು ಗಂಡಸರು ನಕ್ಕರು. ಕೆಟ್ಟ ನಗುವಲ್ಲ, ಊಟ ಚೆನ್ನಾಗಿದ್ದಾಗ ನಗುವ ನಗು.

ಇಂಗ್ಲಿಷ್ ಮೇಷ್ಟ್ರು ನನ್ನ ಕೈ ಕುಲುಕಿದರು. "ಪೋಸ್ಟ್‌ಮಾಸ್ಟರು ಸೋತ," ಅಂದರು.

ಸರದಿ ಮುಗಿಸಿ ಅನಾಟಮಿ ಸಾಹೇಬರು ಚಹಾಕ್ಕೆಂದು ಹೊರಬಂದಾಗ ನಾನಿನ್ನೂ ಅಲ್ಲೇ ಇದ್ದೆ. ವಾರ್ಡು ಬಿಟ್ಟು ಇಲ್ಲೇನು ಅಂತ ಬೈಯಬೇಕಿತ್ತು. ಎದುರಿಗೆ ನಿಂತು ಕನ್ನಡಕ ಒರೆಸಿದರು.

"ವಕೀಲರೇ," ಅಂದರು, "ಗೊತ್ತಿತ್ತು. ಹೇಳಿದಳು."

ಅಷ್ಟೇ ಅಂದು ಹೋದರು. ನನ್ನ ಯಾವ ಕಪ್ಪಿನ ಮೇಲೂ ಅಷ್ಟು ಚೆಂದದ ವಾಕ್ಯ ಕೆತ್ತಿಲ್ಲ. ಆ ಶನಿವಾರದಿಂದ ಕ್ಲಾಸಿನಲ್ಲಿ ನನ್ನ ಜಾಗಕ್ಕೆ ಅವಳು ನಿಂತಳು. ಚೀಲ ಹಿಡಿದು, ಹೊಸ ಬ್ಯಾಚಿನ ಮಕ್ಕಳಿಗೆ ಎಲುಬು ಹಂಚಿ, ಕಣ್ಣು ಮುಚ್ಚಿ ಗುನುಗಿದವರ ತಲೆಗೆ ಸಣ್ಣಗೆ ಮೊಟಕುತ್ತಾ, "ಅಲ್ಲಿಂದ ಬರಬೇಡ, ಇಲ್ಲಿಂದ ಶುರು ಮಾಡು!" ಅನ್ನುತ್ತಿದ್ದಳು.

ಫಲಿತಾಂಶ ಗೋಡೆಗೆ ಅಂಟಿಸಿದ ಮಧ್ಯಾಹ್ನ ನಾವಿಬ್ಬರೂ ಎಸ್‌ಟಿಡಿ ಬೂತಿಗೆ ಓಡಿದೆವು. ಸೂರತ್ತಿನಲ್ಲಿ ಅವರ ಮನೆಗೆ ಫೋನಿರಲಿಲ್ಲ. ಪಕ್ಕದ ಮನೆಯವರು ಮೇಷ್ಟ್ರನ್ನು ಕರೆಯಲು ಹೋದರು. ಕಾಯುವಾಗ ಆಚೆ ಕಡೆಯಿಂದ ಯಾರದೋ ಮನೆಯ ಕುಕ್ಕರಿನ ಸೀಟಿ ಕೇಳುತ್ತಿತ್ತು. ಬೂತಿನೊಳಗೆ ಇಬ್ಬರೂ ತುರುಕಿಕೊಂಡು, ರಿಸೀವರಿಗೆ ಕಿವಿ ಕಿವಿ ತಾಗಿಸಿ ನಿಂತಿದ್ದೆವು. ಕೊನೆಗೆ ಏದುಸಿರು, ಆಮೇಲೆ ಅವರ ದನಿ.

"ಬಾಪೂಜಿ, ಪಾಸಾದೆ."

ಹಿಂದೆ ಯಾರೋ ಏನಂತೆ, ಏನಂತೆ ಅಂತ ಕೇಳುತ್ತಿದ್ದರು. ಚಿಕ್ಕಪ್ಪನೇ ಇರಬೇಕು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಪಾಕ್ಕು?"

ಅವಳು ನನ್ನ ಮುಖ ನೋಡಿದಳು. ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೆ ಹೋಗಿತ್ತು.

"ಪಾಕ್ಕು, ಬಾಪೂಜಿ," ಅಂತ ಬೂತಿನ ಗಾಜು ಅದುರುವ ಹಾಗೆ ಕೂಗಿದಳು. "ಬಿಕಾಸ್ ಹಾಸಿಗೆ ಇನ್ನೂ ಮಂಚದ ಮೇಲೇ ಇದೆ!"